ನೆತ್ತಿಗೆ ಮೊದಲೇ ಕಾಲು ತೆಗಿ

ಪಂಕ್ಚರ್ ಅಂಗಡಿಯಾಕೆ ಹೊಸ ಲಾರಿಯ ಚಕ್ರಕ್ಕೆ ಗಾಳಿ ತುಂಬುತ್ತಿದ್ದಳು. ಕಿವಿ ಮಾತ್ರ ಚಾಲಕ ಮತ್ತು ಅವನಿಗೆ ಲಾರಿ ಕಲಿಸಿದ ಮಾವನ ಮಾತಿನ ಕಡೆಗಿತ್ತು.

“ಮಾವ, ಈ ಟ್ರಿಪ್ಪಲ್ಲಿ ನಾಲ್ಕು ಲೀಟರ್ ಡೀಸೆಲ್ ಉಳೀತು! ಕ್ರೂಸ್ ಕಂಟ್ರೋಲ್ ಹಾಕಿದ್ರೆ ಸಾಕು, ವೇಗ ಗಾಡೀನೇ ನೋಡ್ಕೊಳ್ಳತ್ತೆ, ಮುಂದೆ ಗಾಡಿ ಸಾಲು ಕಂಡ್ರೆ ತಾನೇ ನಿಧಾನ ಆಗತ್ತೆ!”

“ದಿಬ್ಬದಲ್ಲಿ?”

“ದಿಬ್ಬದ ನೆತ್ತಿ ಬರೋ ಮೊದಲೇ ಎಂಜಿನ್ ಸಡಿಲ ಬಿಡತ್ತೆ. ಆಚೆ ಇಳಿಜಾರಿದೆ ಅಂತ ಮ್ಯಾಪ್ ನೋಡಿ ಅದಕ್ಕೆ ಗೊತ್ತು!”

“ನೆತ್ತಿಗೆ ಮೊದಲೇ ಆಕ್ಸಿಲರೇಟರಿಂದ ಕಾಲು ತೆಗಿ ಅಂತ ಹತ್ತು ವರ್ಷ ಬಡ್ಕೊಂಡೆ ನಿಂಗೆ.”

“ನಾನು ಕೇಳ್ಲಿಲ್ಲ, ಇದು ಕೇಳ್ತು ನೋಡಿ.”

“ಹಾಗಾದ್ರೆ ಅದೇ ನನ್ನ ಶಿಷ್ಯ! ನಡಿ, ನೋಡೇಬಿಡೋಣ.”

ಮಾವ ಪಕ್ಕದ ಸೀಟು ಹತ್ತಿದರು. ಎದುರಿನ ದಿಬ್ಬದಲ್ಲಿ, ನೆತ್ತಿ ಇನ್ನೂ ಅಷ್ಟು ದೂರವಿರುವಾಗಲೇ ಎಂಜಿನ್ನಿನ ದನಿ ತಗ್ಗಿತು. ಕಿಟಕಿಯಿಂದ ಮಾವನ ಕೂಗು ಅಂಗಡಿಯವರೆಗೂ ಕೇಳಿಸಿತು:

“ಭೇಷ್ ಮಗನೇ! ನಿಂಗಲ್ಲ ಕಣೋ, ಇದಕ್ಕೆ!”