ಟಟಲ್ ಬಾವಿಯ ತೆರೆದ ಗೇಟು

ಮೆಲ್ಲಗೆ ಮಾತಾಡೋಣ. ಒಳಗಿನ ಕೋಣೆಯಲ್ಲಿ ದೊಡ್ಡಪ್ಪ ಮಲಗಿದ್ದಾರೆ, ಈ ಕತೆ ಅವರ ಕಿವಿಗೆ ಬಿದ್ದರೆ ನನಗೆ ನಾಳೆ ಬೆಳಗಿನ ಕಾಫಿ ಇಲ್ಲ.

ಇದು ಅವರ ಮಗ ಲೈಲ್‌ಗೆ ಆದದ್ದು. ಯಾರೋ ಎಲ್ಲೋ ಹೇಳಿದ್ದಲ್ಲ. ಹೋದ ಬೇಸಿಗೆಯಲ್ಲಿ, ದೂರದ ಪಶ್ಚಿಮದ ವಯೋಮಿಂಗಿನಲ್ಲಿ. ಕತ್ತಲಾಗಿ ಬಹಳ ಹೊತ್ತಾಗಿತ್ತು. ಲೈಲ್ ಗುಡ್ಡ ಇಳಿದು ಒಬ್ಬನೇ ಡೇರೆಯ ಕಡೆಗೆ ಬರುತ್ತಿದ್ದ. ದಾರಿಯಲ್ಲಿ ಒಂದು ಬಾವಿ. ಬಾವಿ ಅಂದರೆ ಬಯಲ ನಡುವೆ ಒಂದು ಗಾಳಿಯಂತ್ರ, ಅದರ ಬುಡದಲ್ಲಿ ದನ ನೀರು ಕುಡಿಯುವ ತಗಡಿನ ತೊಟ್ಟಿ. ರೆಕ್ಕೆ ತಿರುಗಿದಾಗೆಲ್ಲ ಕಿರ್ರ್... ಟಕ್. ಕಿರ್ರ್... ಟಕ್. ಸುತ್ತ ಮೊಣಕಾಲೆತ್ತರದ ಕುರುಚಲು ಬಿಟ್ಟರೆ ಒಂದು ಮರವಿಲ್ಲ. ಬಾವಿ ದಾಟಿದರೆ ಬೇಲಿ, ಬೇಲಿಯಲ್ಲಿ ಒಂದು ತಂತಿ ಗೇಟು. ಗೇಟು ತೆರೆದಿತ್ತು. ಲೈಲ್ ದಾಟಿದ. ಹಿಂದೆ ತಿರುಗಿ ಗೇಟನ್ನು ಎಳೆದು, ಕಂಬಕ್ಕೆ ತಂತಿಯ ಕುಣಿಕೆ ಸಿಕ್ಕಿಸಿದ.

ಅವನು ಮಾಡಿದ್ದು ಅಷ್ಟೇ...

ಆದರೆ ಆ ಗೇಟಿನವರೆಗೆ ಬರಲು ಅವನು ಪಟ್ಟ ಪಾಡು ಹೇಳದಿದ್ದರೆ ನಿಮಗೆ ಅವನ ಹೊಟ್ಟೆಯುರಿ ಅರ್ಥವಾಗುವುದಿಲ್ಲ.

ದೊಡ್ಡಪ್ಪ ಓರ್ವಿಲ್ ಹುಟ್ಟಿದಾಗಿನಿಂದ ಹಾಲು ಕರೆದವರು. ಬೆಳಿಗ್ಗೆ ಕರೆಯಬೇಕು, ಸಂಜೆ ಕರೆಯಬೇಕು, ಹಸುವಿಗೆ ಭಾನುವಾರವಿಲ್ಲ. ಹಾಗಾಗಿ ನಮ್ಮ ಈ ವಿಸ್ಕಾನ್ಸಿನ್ ದಾಟಿ ಬೇಟೆಗೆ ಹೋದವರೇ ಅಲ್ಲ. ನಮ್ಮ ಕಾಡಿನಲ್ಲಿ ಮರ ಹತ್ತಿ ಕೂತು ಬಿಳಿಬಾಲದ ಜಿಂಕೆ ಹೊಡೆದದ್ದೇ ಅವರ ಬೇಟೆ. ಮನಸ್ಸು ಮಾತ್ರ ಪಶ್ಚಿಮದಲ್ಲಿ. ಅಲ್ಲಿ ಮ್ಯೂಲ್ ಡೀರ್ ಅಂತ ಇದೆ, ಹೇಸರಗತ್ತೆಯಂಥ ಉದ್ದ ಕಿವಿಯ ಜಿಂಕೆ, ಬೋಳು ಗುಡ್ಡಗಳಲ್ಲಿ ಇರುತ್ತದೆ. ಸಾಯೋದರೊಳಗೆ ಅದನ್ನೊಂದು ಹೊಡೀಬೇಕು ಅನ್ನುತ್ತಿದ್ದರು. ಈಗ ಮಂಡಿ ಸವೆದಿದೆ. ಈ ವರ್ಷ ನಡೆಸಬಹುದು, ಮುಂದಿನ ವರ್ಷದ ಮಾತು ನನ್ನ ಕೇಳಬೇಡಿ ಅಂದಿದ್ದರು ಡಾಕ್ಟರು.

ಹೊರ ರಾಜ್ಯದವರಿಗೆ ಅಲ್ಲಿ ಪರವಾನಗಿ ಸಿಗುವುದು ಚೀಟಿ ಎತ್ತಿ. ಲೈಲ್ ವರ್ಷ ವರ್ಷವೂ ಅಪ್ಪ-ಮಗನ ಹೆಸರು ಹಾಕಿದ. ವರ್ಷ ವರ್ಷವೂ ಇಲ್ಲ ಅಂತ ಬಂತು. ಈ ಸಲ ಹೆಸರು ಎದ್ದಿತು. ಆ ದಿನ ಅವನು ಕೊಟ್ಟಿಗೆಯಲ್ಲಿ ಒಬ್ಬನೇ ಕುಣಿದದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ನಕ್ಷೆ ಬಿಡಿಸಿದ. ಅಲ್ಲಿಂದ ಶುರುವಾಯಿತು ಗೋಳು. ಜಿಂಕೆ ಇರುವ ಗುಡ್ಡವೆಲ್ಲ ಸರ್ಕಾರದ್ದು, ಯಾರು ಬೇಕಾದರೂ ಹೋಗಬಹುದು. ಆದರೆ ಗುಡ್ಡದ ಸುತ್ತ ಖಾಸಗಿ ಜಮೀನು, ಸೂಜಿ ತೂರುವಷ್ಟೂ ಸಂದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ. ಒಬ್ಬೊಬ್ಬ ಜಮೀನಿನವರಿಗೂ ಫೋನು ಮಾಡಿದ. ಒಬ್ಬ ಮಾತು ಮುಗಿಯುವ ಮೊದಲೇ ಇಟ್ಟ. ಇನ್ನೊಬ್ಬ ವಿಸ್ಕಾನ್ಸಿನ್ ಅಂತ ಕೇಳಿ ನಕ್ಕ. ಸರ್ಕಾರಿ ಕಚೇರಿಗೆ ಮಾಡಿದರೆ ಅರ್ಧ ಬೆಳಿಗ್ಗೆ ಸಂಗೀತ ಕೇಳಿಸಿ, ಕೊನೆಗೆ ಫೋನು ತಾನೇ ಕಡಿದುಹೋಯಿತು. ಊಟದ ಮೇಜಿನ ತುಂಬ ನಕ್ಷೆ. ಚಳಿಗಾಲವಿಡೀ ಮನೆಯವರೆಲ್ಲ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. ನಮ್ಮ ಹಿತ್ತಲಲ್ಲೇ ನಾಲ್ಕು ಜಿಂಕೆ ಓಡಾಡ್ತವೆ ಕಣೋ, ಅವಕ್ಕೆ ಕಿವಿ ಎಳೆದು ಉದ್ದ ಮಾಡು ಅಂತ ನಾನು ರೇಗಿಸಿದೆ. ಅವನು ಇನ್ನೊಂದು ನಕ್ಷೆ ಬಿಡಿಸಿದ.

ಕೊನೆಗೆ ಒಪ್ಪಿದ್ದು ಒಬ್ಬಳು ಮುದುಕಿ, ಅರ್ಲೀನ್ ಟಟಲ್. ಗಂಡನಿಲ್ಲ, ಒಬ್ಬಳೇ ಇದ್ದುಕೊಂಡು ಒಂದಿಷ್ಟು ದನ ಸಾಕಿದ್ದಳು. ಅವಳ ಜಮೀನು ದಾಟಿದರೆ ಗುಡ್ಡ. ಅವಳು ದುಡ್ಡು ಕೇಳಲಿಲ್ಲ.

"ನೋಡಪ್ಪ, ಬಾವಿ ಹತ್ರ ಒಂದು ಗೇಟಿದೆ. ಅದು ಹೇಗಿರುತ್ತೋ ಹಾಗೇ ಬಿಟ್ಟು ಹೋಗ್ಬೇಕು. ನಾನು ಕೇಳೋದು ಇಷ್ಟೇ."

ಆಗಲಮ್ಮ, ಆಗಲಿ ಅಂದ ಲೈಲ್. ಸಂತೋಷದಲ್ಲಿ ಅವನಿಗೆ ಕೇಳಿಸಿದ್ದು ಅರ್ಧ. ಉಳಿದರ್ಧ ಅವನ ರಕ್ತದಲ್ಲೇ ಇತ್ತು. ನಮ್ಮದು ಹೈನಿನ ಊರು ನೋಡಿ. ಗೇಟು ಇರುವುದೇ ಹಾಕುವುದಕ್ಕೆ. ತೆರೆದು ಬಿಟ್ಟರೆ ಹಸು ಹೆದ್ದಾರಿಯಲ್ಲಿ. ಗೇಟು ಮರೆತದ್ದಕ್ಕೆ ದೊಡ್ಡಪ್ಪನ ಕೈಯಲ್ಲಿ ನಾವಿಬ್ಬರೂ ತಿಂದ ಏಟು ಇನ್ನೂ ನೆನಪಿದೆ. ಪಶ್ಚಿಮದಲ್ಲಿ ಹಾಗಲ್ಲ. ಅಲ್ಲಿ ಗೇಟು ತೆರೆದಿದೆ ಅಂದರೆ, ದನ ನೀರಿಗೆ ಬರಲಿ ಅಂತ ಯಾರೋ ಬೇಕೆಂದೇ ತೆರೆದಿಟ್ಟಿದ್ದಾರೆ ಅಂತ ಅರ್ಥ.

ಜುಲೈಯಲ್ಲಿ ಅಪ್ಪ, ಮಗ ಇಬ್ಬರೂ ಜಾಗ ನೋಡಿ ಬರಲು ಹೊರಟರು. ಬಂದೂಕಿಲ್ಲ, ದುರ್ಬೀನು ಮಾತ್ರ. ದಾರಿಯಲ್ಲೇ ಕಾರಿನ ಟೈರು ಒಡೆಯಿತು. ನಕ್ಷೆಯಲ್ಲಿ ಬೆರಳಗಲ ಕಂಡದ್ದು ಅಲ್ಲಿ ನೋಡಿದರೆ ಕಮರಿ. ದೊಡ್ಡಪ್ಪನ ಮಂಡಿ ಎರಡನೇ ಏರಿನಲ್ಲೇ ಕೈಕೊಟ್ಟಿತು. ಗೇಟಿನ ಈಚೆ, ಕೂಗಳತೆಯಲ್ಲಿ ಹಾಕಿದ್ದ ಡೇರೆಯ ಮುಂದೆ ಮಡಿಚುವ ಕುರ್ಚಿ ಹಾಕಿಕೊಂಡು ಕೂತು, ಇಲ್ಲಿ ಹತ್ತೋಕೆ ಒಂದು ಮರಾನೂ ಇಲ್ವಲ್ಲೋ, ಜಿಂಕೆ ಏನು ನಮ್ಮ ಮುಖ ನೋಡೋಕೆ ಬರುತ್ತಾ ಅಂತ ಗೊಣಗಿದರು. ಸಂಜೆ ಲೈಲ್ ಒಬ್ಬನೇ ಹತ್ತಿದ. ಕತ್ತಲಾಗುವವರೆಗೂ ದುರ್ಬೀನು ಕಣ್ಣಿಗೆ ಒತ್ತಿಕೊಂಡೇ ಇದ್ದ. ಕಂಡದ್ದು ಒಂದು ಮೊಲ.

ಆ ಸಿಟ್ಟಿನಲ್ಲೇ ಇಳಿದ. ಬಾವಿ ದಾಟಿದ. ಗೇಟು ಹಾಕಿದ.

ಡೇರೆಯಲ್ಲಿ ಮಲಗಿ ಇನ್ನೇನು ನಿದ್ದೆ ಹತ್ತಬೇಕು...

ಟಿಂಗ್.

ಕಂಬದಿಂದ ತಂತಿಯ ಕುಣಿಕೆ ಜಾರಿದ ಸದ್ದು. ಆಮೇಲೆ ಸರ್ರ್... ಗೇಟಿನ ತಂತಿ, ಗೂಟ ಎಲ್ಲ ಕಲ್ಲು ನೆಲದ ಮೇಲೆ ಎಳೆದುಕೊಂಡು ಹೋದ ಸದ್ದು. ಲೈಲ್ ಎದ್ದು ಹೋದ. ಗೇಟು ತೆರೆದು ಪಕ್ಕಕ್ಕೆ ಮಲಗಿಸಿತ್ತು. ಗಾಳಿಗೆ ಬಿದ್ದದ್ದಲ್ಲ, ಎತ್ತಿ ಇಟ್ಟ ಹಾಗೆ. ಟಾರ್ಚು ಬಿಟ್ಟು ಸುತ್ತ ನೋಡಿದ. ಯಾರೂ ಇಲ್ಲ. ಮತ್ತೆ ಹಾಕಿ ಬಂದ.

ಟಿಂಗ್. ಸರ್ರ್...

ಅವನಿಗೆ ಹೆದರಿಕೆಯಾಗಲಿಲ್ಲ, ರೇಗಿತು. ಬೇರೆ ಯಾರೋ ಬೇಟೆಗಾರರು ತನ್ನನ್ನು ಓಡಿಸಲು ಆಡುವ ಆಟ ಅಂದುಕೊಂಡ. ಇಷ್ಟು ವರ್ಷ ಚೀಟಿಗೆ ಕಾದು, ಚಳಿಗಾಲವಿಡೀ ಕಂಡವರ ಕಾಲು ಹಿಡಿದು ಬಂದವನು ನಾನು, ಇದಕ್ಕೆಲ್ಲ ಬಗ್ಗುತ್ತೀನಾ ಅಂತ ಈ ಸಲ ಕುಣಿಕೆಯ ಮೇಲೆ ಹಗ್ಗ ಬಿಗಿದು ಬಂದ. ಒಳಗೆ ಬಂದಾಗ ದೊಡ್ಡಪ್ಪ ಕತ್ತಲಲ್ಲಿ ಎದ್ದು ಕೂತಿದ್ದರು.

"ಅಪ್ಪ, ಎಚ್ಚರ ಇದೀಯಾ?"

"ನೀನು ಮಲಗೋಕೆ ಬಿಟ್ರೆ ತಾನೆ."

"ಗೇಟ್ ಹತ್ರ ಯಾರೋ ಇದಾರೆ."

"ಇದಾರೆ. ಸಂಜೆಯಿಂದ ಇದಾರೆ. ನೀನು ಅವನ ಪಕ್ಕದಲ್ಲೇ ಹಾದು ಬಂದ್ಯಲ್ಲೋ. ನಿನ್ನನ್ನೇ ಕಾಯ್ತಿದಾನೆ ಅಂದ್ಕೊಂಡೆ."

ಲೈಲ್ ಟಾರ್ಚು ಆರಿಸಿದ. ಹೊರಗೆ ಕಿರ್ರ್... ಟಕ್. ಕಿರ್ರ್... ಟಕ್. ಆಮೇಲೆ ಕಾಲಿನ ಸದ್ದು. ಮೆಲ್ಲಗೆ, ಬೂಟಿನ ಹಿಮ್ಮಡಿ ಎಳೆಯುವ ಸದ್ದು. ಡೇರೆಯ ಹತ್ತಿರ ಬಂದು ನಿಂತಿತು. ಬಟ್ಟೆಯ ಆಚೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ ಒಂದು ದನಿ.

"ದನ ಇನ್ನೂ ಬಂದಿಲ್ಲ."

ಅಷ್ಟೇ. ಸಿಟ್ಟಿನ ದನಿಯಲ್ಲ. ಬಹಳ ದಣಿದವನ ದನಿ. ಬೂಟು ಎಳೆಯುತ್ತ ವಾಪಸು ಹೋಯಿತು.

ಲೈಲ್ ಕಾರಿನ ಕೀಲಿಗೆ ತಡಕಾಡಿದ. ದೊಡ್ಡಪ್ಪ ಅವನ ಕೈ ಹಿಡಿದರು.

"ಸುಮ್ನಿರು. ದನ ಕಾಯೋನ ದನಿ ಕಣೋ ಅದು. ನಂಗೆ ಗೊತ್ತಾಗಲ್ವಾ?"

ಎರಡು ಹೆಜ್ಜೆಗೆ ಉಸ್ ಅನ್ನುವ ಮನುಷ್ಯ, ಕೋಲೂ ಹಿಡಿಯದೆ ಎದ್ದು ಹೊರಗೆ ಹೋದರು. ಹಗ್ಗ ಬಿಚ್ಚಿದರು. ಕುಣಿಕೆ ತೆಗೆದರು. ಗೇಟನ್ನು ಎಳೆದು ಪಕ್ಕಕ್ಕೆ ಇಟ್ಟು ಕಂಬಕ್ಕೆ ಕೈ ಕೊಟ್ಟು ನಿಂತರು. ಲೈಲ್ ಡೇರೆಯ ಬಾಯಲ್ಲೇ ಉಳಿದ. ಹೆದರಿ ಉಳಿದೆ ಅಂತ ಅವನೇ ಹೇಳುತ್ತಾನೆ, ನಾಚಿಕೆಪಡದೆ.

ಬಹಳ ಹೊತ್ತು ಏನೂ ಇಲ್ಲ... ಆಮೇಲೆ ದೂರದಲ್ಲಿ ದಡ್... ದಡ್... ಗೊರಸಿನ ಸದ್ದು. ಹತ್ತಿರ ಬಂತು. ಡೇರೆಯ ಎರಡೂ ಪಕ್ಕದಲ್ಲಿ ಹಾದುಹೋಯಿತು, ಹಗ್ಗಗಳು ಅಲುಗಿದವು, ಧೂಳಿನ ವಾಸನೆ, ದನದ ಮೈವಾಸನೆ. ಟಾರ್ಚು ಬಿಟ್ಟ. ಬರೀ ಬಯಲು. ಗೊರಸಿನ ಸದ್ದು ಗೇಟು ದಾಟಿತು. ತೊಟ್ಟಿಯ ಹತ್ತಿರ ನಿಂತು, ಸೊರ್... ಸೊರ್... ನೀರು ಎಳೆಯುವ ಸದ್ದು. ದೊಡ್ಡಪ್ಪ ಇಲ್ಲಿ ಕೊಟ್ಟಿಗೆಯಲ್ಲಿ ಅನ್ನುವ ಹಾಗೆ, ಹೋ... ಹೋ... ಅನ್ನುತ್ತಿದ್ದರು. ಅವರು ಹೋ ಅಂದ ಮೇಲೆ, ಒಂದು ಉಸಿರು ಬಿಟ್ಟು, ಇನ್ನೊಬ್ಬನೂ ಹೋ ಅನ್ನುತ್ತಿದ್ದ.

ಬೆಳಗಾದ ಮೇಲೆ ನೋಡಿದರೆ ನೆಲದ ಮೇಲೆ ಒಂದು ಗೊರಸಿನ ಗುರುತಿಲ್ಲ. ಆದರೆ ಸಂಜೆ ತುಳುಕುತ್ತಿದ್ದ ತೊಟ್ಟಿ ತಳ ಕಂಡಿತ್ತು. ಗಾಳಿಯಂತ್ರ ರಾತ್ರಿಯೆಲ್ಲ ತಿರುಗಿದೆ, ಅಂದಮೇಲೆ ನೀರು ಏರಬೇಕು ತಾನೆ? ಇಳಿದಿತ್ತು.

ಗುಡ್ಡದ ಮೇಲೆ ಫೋನಿಗೆ ಸಿಗ್ನಲ್ ಸಿಗುವ ಜಾಗಕ್ಕೆ ಹತ್ತಿ ಲೈಲ್ ಅರ್ಲೀನಮ್ಮನಿಗೆ ನಡೆದದ್ದೆಲ್ಲ ಹೇಳಿದ. ಸುಳ್ಳು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ, ಅದೊಂದು ಅವನಲ್ಲಿ ಒಳ್ಳೆಯದು. ಆಗ ಅವಳು ಹೇಳಿದಳು. ಹಿಂದೆ ಒಂದು ಬೇಸಿಗೆಯಲ್ಲಿ ಗಂಡ ವೆರ್ನ್ ಕಾಯಿಲೆ ಬಿದ್ದು, ಇಬ್ಬರೂ ಕೆಲವು ದಿನ ಊರಲ್ಲಿ ಆಸ್ಪತ್ರೆಯಲ್ಲಿದ್ದರಂತೆ. ಆಗ ಬೇಟೆಗೆ ಜಾಗ ನೋಡಲು ಬಂದ ಯಾರೋ ಹೊರಗಿನವನು, ಪಾಪ, ಒಳ್ಳೆಯದಕ್ಕೇ ಅಂದುಕೊಂಡು ಗೇಟು ಹಾಕಿ ಹೋಗಿದ್ದ. ವಾಪಸು ಬಂದಾಗ ದನವೆಲ್ಲ ನೀರಿಲ್ಲದೆ ಸತ್ತು ಬೇಲಿಯ ಉದ್ದಕ್ಕೂ ಬಿದ್ದಿದ್ದವು, ನೀರಿನ ಕಡೆ ಮುಖ ಮಾಡಿಕೊಂಡು. ಆ ಚಳಿಗಾಲ ವೆರ್ನ್ ಉಳಿಯಲಿಲ್ಲ.

"ಅವನು ಏನಂದ ಅಂದ್ಯಪ್ಪ? ಇನ್ನೊಂದ್ಸಲ ಹೇಳು."

ಲೈಲ್ ಹೇಳಿದ. ದನ ಇನ್ನೂ ಬಂದಿಲ್ಲ ಅಂದ.

"ಎಷ್ಟೋ ಸಂಜೆ ಹೋಗಿ ಆ ಗೇಟ್ ಹತ್ರ ಕೂತಿದೀನಿ ನಾನು. ಇಷ್ಟು ವರ್ಷ ಆಯ್ತು. ನನ್ ಹತ್ರ ಒಂದ್ ಮಾತಾಡಿಲ್ಲ." ಆಮೇಲೆ ಅಂದಳು, "ಅಕ್ಟೋಬರಿಗೆ ನೀವು ಬೇಟೆಗೆ ಬರಬೇಡಿ." ಫೋನು ಇಟ್ಟಳು.

ಅಲ್ಲಿಗೆ ಮುಗಿಯಿತು. ಗುಡ್ಡಕ್ಕೆ ಬೇರೆ ದಾರಿಯಿಲ್ಲ. ಬೇಟೆಯ ತಿಂಗಳು ಬಂತು, ಹೋಯಿತು. ಪರವಾನಗಿ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ಸಲ ಹೆಸರು ಎದ್ದವರು ಮತ್ತೆ ಸಾಲಿನ ತುದಿಯಿಂದ ಶುರು ಮಾಡಬೇಕು, ಆ ಹೊತ್ತಿಗೆ ದೊಡ್ಡಪ್ಪನ ಮಂಡಿ ಎಲ್ಲಿರುತ್ತದೋ. ಅಪ್ಪನಿಗಾಗಿ ಇಷ್ಟೆಲ್ಲ ಮಾಡಿ, ಅಪ್ಪನೇ ಏಟು ಕೊಟ್ಟು ಕಲಿಸಿದ ಬುದ್ಧಿಯಿಂದ ಕೆಟ್ಟೆ ಅಂತ ಲೈಲ್ ಈಗಲೂ ಹಲ್ಲು ಕಡಿಯುತ್ತಾನೆ. ದೊಡ್ಡಪ್ಪ ಮಾತ್ರ ಒಂದು ಬೇಸರದ ಮಾತು ಆಡಿಲ್ಲ. ಜಿಂಕೆಯ ಹೆಸರೇ ಎತ್ತುವುದಿಲ್ಲ.

ಆದರೆ ಅಲ್ಲಿಂದ ಬಂದಮೇಲೆ ಅವರು ಅಂಗಳದ ಗೇಟು ಹಾಕಲು ಬಿಡುವುದಿಲ್ಲ. ಜೀವಮಾನವೆಲ್ಲ ಗೇಟು ಗೇಟು ಅಂತ ನಮ್ಮ ಬೆನ್ನು ಮುರಿದವರು! ನನಗೆ ಇದು ಅತಿಯಾಯಿತು ಅನ್ನಿಸಿತು. ಚಳಿ ಬಿದ್ದಿದೆ, ರಾತ್ರಿ ಹಸುಗಳನ್ನೆಲ್ಲ ಒಳಗೆ ಕಟ್ಟುತ್ತೇವೆ, ಅಂಗಳದಲ್ಲಿ ಒಂದು ನಾಯಿಯೂ ಇರುವುದಿಲ್ಲ. ನಿನ್ನೆ ಅವರು ಮಲಗಿದ ಮೇಲೆ ನಾನೇ ಹೋಗಿ ಗೇಟು ಹಾಕಿ ಸರಪಳಿ ಬಿಗಿದೆ. ಬೆಳಗಿನ ಕೆಲಸ ಹಗುರಾಗಲಿ ಅಂತ ಅಂಗಳದ ತೊಟ್ಟಿಗೆ ಅಂಚಿನವರೆಗೆ ನೀರೂ ಬಿಟ್ಟೆ.

ಬೆಳಿಗ್ಗೆ ಗೇಟು ತೆರೆದಿತ್ತು. ಸರಪಳಿ ಕಂಬದ ಮೇಲೆ ನೀಟಾಗಿ ಸುತ್ತಿ ಇಟ್ಟಿತ್ತು. ದೊಡ್ಡಪ್ಪನಿರಬೇಕು ಅಂತೀರಾ? ಅವರಿಗೆ ಈಗ ಇಬ್ಬರು ಹಿಡಿದುಕೊಳ್ಳದೆ ಮೆಟ್ಟಿಲು ಇಳಿಯಲಾಗುವುದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ನೀರು ಬಿಟ್ಟದ್ದು ಇದೇ ಕೈ, ಬೆಳಿಗ್ಗೆ ನೋಡಿದ್ದು ಇದೇ ಕಣ್ಣು. ಹಸುಗಳೆಲ್ಲ ಒಳಗೆ ಕಟ್ಟಿದ ಹಾಗೇ ಇದ್ದವು. ತೊಟ್ಟಿ ಖಾಲಿಯಾಗಿತ್ತು.