ಮೂಗ ಮುಚ್ಚೋ, ಧರ್ಮಾ

ಏ, ಕಂದೀಲ ಸಣ್ಣ ಮಾಡಬ್ಯಾಡ, ಇರಲಿ. ನಗೂದಿದ್ರ ಈಗ ಎದ್ದು ಹೋಗ್ರಿ. ನಡುವ ನಕ್ಕರ ನಾ ಹೇಳಾಂಗಿಲ್ಲ. ಇದು ನಮ್ಮ ಕಾಕಾನ ಮಗ ಧರ್ಮರಾಜಗ ಆಗಿದ್ದು. ಅಗರಖೇಡದಾಗ, ಊರಿಗೆ ಟೆಲಿಫೋನ್ ಬೂತ್ ಬಂದ ಹೊಸದರಾಗ.

ಆವತ್ತ ರಾತ್ರಿ ಅವಾ ಹಾಳಬಾವಿ ಹಾದಿ ಹಿಡದು ಹೊಂಟಿದ್ದ. ಕೈಯಾಗ ಹಗ್ಗ... ಹಗ್ಗದ ತುದೀಗೆ ಅವರವ್ವನ ನಾಯಿ ಮೋತ್ಯಾ. ಬಗಲಾಗ ಒಂದು ಕಲ್ಲು. ಕಲ್ಲು ಯಾಕಂತೀರಿ? ನಾಯೀ ಕೊರಳಿಗೆ ಕಟ್ಟಿ ಬಾವ್ಯಾಗ ಬಿಡಾಕ.

ಅವರವ್ವ ಸುಂದರವ್ವ ತೀರಿಕೊಂಡು ಇನ್ನಾ ತಿಂಗಳಾಗಿರಲಿಲ್ಲ. ಮೋತ್ಯಾಗ ಒಂದು ಬ್ಯಾನಿ ಇತ್ತು. ಕುಂತಾಂವ ಒಮ್ಮಿಗಲೇ ಎದ್ದು ಕೊರಳ ಚಾಚತಿದ್ದ... ಗೊರ್ರ್‌ಕ್... ಗೊರ್ರ್‌ಕ್... ಸೀನು ಹೊರಗ ಬರೂದು ಬಿಟ್ಟು ಒಳಗ ಹೋದಂಗ. ಆಗ ಸುಂದರವ್ವ ಓಡಿಬಂದು ಸೆರಗ ಅಡ್ಡ ಹಿಡದು ಏನೋ ಮಾಡತಿದ್ಲು, ನಿಲ್ಲತಿತ್ತು. ಏನ ಮಾಡತಾಳಂತ ಒಬ್ಬರೂ ಕೇಳಲಿಲ್ಲ. ಹಲ್ಲಿಗೆ ಮಿಶ್ರಿ, ಅದ ಸುಟ್ಟ ತಂಬಾಕದ ಪುಡಿ, ತಿಕ್ಕಿ ತಿಕ್ಕಿ ಕರ್ರಗಾದ ಅಕೀ ಕೈಬಟ್ಟು ನೋಡಿ ನಗತಿದ್ವಿ, ಅಷ್ಟ.

ಸಾಯೂಮುಂದ ಅಕಿ ಅಂದದ್ದು ಒಂದ ಮಾತು. "ಮೂಗ ಮುಚ್ಚೋ, ಧರ್ಮಾ... ಮೂಗ ಮುಚ್ಚೋ."

ಗಟಾರ ವಾಸನಿ ಬಡದಿರಬೇಕಂತ ನಾವು ಕಿಡಕಿ ಹಾಕಿ ಊದಿನಕಡ್ಡಿ ಹಚ್ಚಿದ್ವಿ. ಅಕಿ ಅಲ್ಲ ಅಲ್ಲ ಅಂತ ತಲಿ ಅಲ್ಲಾಡಿಸಿದ್ಲು. ಹಂಗ ಹೋಗಿಬಿಟ್ಲು.

ಆಮ್ಯಾಲ ಮೋತ್ಯಾಂದು ಹೆಚ್ಚಾತು. ಹುಚ್ಚ ಹಿಡದೈತಿ ಅಂದ್ರು ಓಣ್ಯಾನವರು. ಬಾಜೂ ಮನಿ ಬಸಂತರಾಯ ಬಡಿಗಿ ಹಿಡಕೊಂಡ ಬಂದ. "ಮಕ್ಕಳು ಮರಿ ಅದಾವು. ನೀ ಹೊಡೀತೀಯೋ, ನಾ ಹೊಡೀಲೋ?"

"ಮುಂಜಾನಿ ಇರಂಗಿಲ್ರಿ," ಅಂದ ಧರ್ಮರಾಜ. ಅವ್ವನ ನಾಯಿ ಬಡಿಗಿಲೇ ಸಾಯೂದ ನೋಡೂ ಧೈರ್ಯ ಅವಗ ಇರಲಿಲ್ಲ. ಬಾವಿಗೆ ಹಾಕೂ ಧೈರ್ಯ ಬಂತು ನೋಡ್ರಿ, ಮೂಳ!

ಬಾವೀ ಕಟ್ಟಿಗೆ ಬಂದ. ಕಲ್ಲು ಕಟ್ಟಿದ. ಅಷ್ಟರಾಗ ಶುರುವಾತು... ಗೊರ್ರ್‌ಕ್... ಗೊರ್ರ್‌ಕ್... ಇವಾ ಕಣ್ಣು ಮುಚ್ಚಿ ನಾಯೀನ ಎತ್ತಾಕ ಬಗ್ಗಿದ.

ಹಿಂದ ಯಾರೋ ಉಗುಳಿದ್ರು. ಪಚ್... ಮಿಶ್ರಿ ಉಗುಳಿದಂಗ.

"ಮೂಗ ಮುಚ್ಚೋ, ಧರ್ಮಾ..."

ಇವಾ ಎತ್ತೂದ ಬಿಟ್ಟ. ಹೊಳ್ಳಿ ನೋಡಲಿಲ್ಲ. ಪಿಸುಮಾತಿನ್ಯಾಗ ಕೇಳಿದ, "ಯಾರದಬೇ, ಅವ್ವಾ?"

"ನಿನ್ನ ತಮ್ಮಂದೋ..."

ಸುಂದರವ್ವ ಮೋತ್ಯಾಗ ಹಂಗ ಅಂತಿದ್ಲು. ನಿನ್ನ ತಮ್ಮ ಉಂಡಾನೇನೋ, ನಿನ್ನ ತಮ್ಮ ಮಲಗ್ಯಾನೇನೋ.

ಧರ್ಮರಾಜ ಒಂದ ಕೈಲೇ ಮೋತ್ಯಾನ ಮೂಗ ಹಗೂರಕ ಒತ್ತಿ ಹಿಡದ, ಇನ್ನೊಂದ ಕೈಲೇ ಗಂಟಲಾ ಸವರಿದ. ಗುಟುಕ್... ನುಂಗಿತು. ನಿಂತುಬಿಟ್ತು. ಬಾಲ ಅಲ್ಲಾಡಿಸಿ ಅವನ ಕೈ ನೆಕ್ಕಿತು. ಕೊರಳಾಗ ಕಲ್ಲು ಹಂಗ ಇತ್ತು.

ಅವ್ವನ ಮಣ್ಣಿಗೆ ಹೋಗಿ ಬಂದಾಗ ಹನಿ ಕಣ್ಣೀರ ಹಾಕಲಾರದವಾ, ಆ ಬಾವೀ ಕಟ್ಟೀ ಮ್ಯಾಲ ನಾಯೀನ ಅವಚಿಕೊಂಡು ಅತ್ತ. "ಒಂದ ಮಾತ ಹೇಳಿದ್ಯಲ್ಲಬೇ... ಅದೂ ತಿಳೀಲಿಲ್ಲ ನನಗ."

ಮುಂಜಾನಿ ಬಸಂತರಾಯನ ಮುಂದನ ಮತ್ತ ಗೊರ್ರ್‌ಕ್ ಅಂತು. ಧರ್ಮರಾಜ ಮೂಗ ಮುಚ್ಚಿ ನಿಲ್ಲಿಸಿ ತೋರಿಸಿದ. ಬಸಂತರಾಯ ಬಡಿಗಿ ಕೆಳಗ ಇಟ್ಟ. ಬಗ್ಗಿ ನೋಡಿದ. "ಇದೇನೋ, ಇದರ ಮುಸಡಿ ಮ್ಯಾಲ?"

ಬಿಳೀ ಮುಸಡಿ ಮ್ಯಾಲ ಕರೀ ಕೈಬಟ್ಟಿನ ಗುರುತು. ಧರ್ಮರಾಜ ತಂಬಾಕ ಮುಟ್ಟಿದಾಂವಲ್ಲ.

ಸುಳ್ಳಲ್ಲ. ನಾ ಮೂಸಿ ನೋಡೇನಿ. ಮಿಶ್ರೀನ.