ಹತ್ತೊಂಬತ್ತು ಪುಟದ ಸಾಕ್ಷಿ

ದೀಪ ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ. ನನಗೆ ಹೆದರಿಕೆ ಅಂತಲ್ಲ, ನನ್ನನ್ನು ಕಂಡರೆ ದೆವ್ವಗಳೇ ದಾರಿ ಬಿಟ್ಟು ನಿಲ್ಲುತ್ತವೆ, ಒಂದೆರಡು ನಮಸ್ಕಾರ ಕೂಡ ಹಾಕಿವೆ. ಆ ಕತೆಗಳಲ್ಲಿ ಉಪ್ಪು ಖಾರ ಎಲ್ಲ ನನ್ನದೇ ಅಂತ ನಿಮಗೂ ಗೊತ್ತು. ಇದು ಹಾಗಲ್ಲ. ಇದು ನನ್ನ ಹೆಂಡತಿಯ ತಮ್ಮನಿಗೆ ಆದದ್ದು.

ಅವನನ್ನು ಮನೆಯಲ್ಲಿ ಬುಡ್ಡಿ ಅಂತ ಕರೆಯುತ್ತೇವೆ. ಮೂರು ವರ್ಷದವನಿದ್ದಾಗಲೇ ಕೈಗೆ ಸಿಕ್ಕ ಶೀಶೆಬುಡ್ಡಿಯಲ್ಲೆಲ್ಲ ಬಣ್ಣದ ನೀರು ಕಲಸಿ ಬೆಕ್ಕಿಗೆ ಔಷಧಿ ಕೊಡುತ್ತಿದ್ದ. ಈಗ ದೊಡ್ಡದೊಂದು ಔಷಧಿ ಪ್ರಯೋಗಶಾಲೆಯಲ್ಲಿ ಅದೇ ಕೆಲಸಕ್ಕೆ ಸಂಬಳ ಕೊಡುತ್ತಾರೆ. ಬೆಕ್ಕಿನ ಬದಲು ಇಲಿ, ಅಷ್ಟೇ ವ್ಯತ್ಯಾಸ.

ಆವತ್ತು ರಾತ್ರಿ ಹನ್ನೊಂದೂವರೆ. ಬುಡ್ಡಿ ಕೋಣೆಯ ದೀಪ ಆರಿಸಿ ಮನೆಗೆ ಹೊರಟಿದ್ದ. ಕಟ್ಟಡದ ಹಿಂದಿನ ಗೇಟಿನ ದಾರಿಯಲ್ಲಿ ಒಂದು ಹಳೆಯ ಬಾವಿ ಇದೆ. ಈಗ ಯಾರೂ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಪಕ್ಕಕ್ಕೆ ಬಂದಾಗ ಕೇಳಿಸಿತು...

ಸರ್ರ್... ಟಕ್.

ನಿಂತ.

ಸರ್ರ್... ಟಕ್. ಆಮೇಲೆ ಸಣ್ಣಗೆ, ಕೀ.

ಬಾವಿಯೊಳಗಿಂದ.

ನೀವಾಗಿದ್ದರೆ ಕಪ್ಪೆಯೋ ಹಲ್ಲಿಯೋ ಅಂದುಕೊಂಡು ಚಪ್ಪಲಿ ಬಿಟ್ಟು ಓಡುತ್ತಿದ್ದಿರಿ. ಬುಡ್ಡಿಗೆ ಆ ಸದ್ದಿನ ಗುರುತಿತ್ತು. ಅದು ಮೂರನೇ ಮಹಡಿಯ ತನ್ನ ಕೋಣೆಯ ತಕ್ಕಡಿಯದು. ಗಾಜಿನ ಗೂಡಿನೊಳಗೆ ಕೂತಿರುವ ತಕ್ಕಡಿ. ಗೂಡಿನ ಬಾಗಿಲು ಸರಿದರೆ ಸರ್ರ್, ಮುಚ್ಚಿದರೆ ಟಕ್, ತೂಕ ನಿಂತರೆ ಕೀ. ಪಕ್ಕದಲ್ಲಿ ಯಾರಾದರೂ ಉಸಿರು ಬಿಟ್ಟರೆ ಸಾಕು, ಕೊನೆಯ ಅಂಕಿ ಕುಣಿಯುತ್ತದೆ. ಅಷ್ಟು ನಾಜೂಕು.

ಮೇಲಿನ ಸದ್ದು ಬಾವಿಗೆ ಬಿದ್ದು ಮರುದನಿ ಕೊಡುತ್ತಿದೆಯೇನೋ ಅಂತ ತಲೆಯೆತ್ತಿ ನೋಡಿದ. ಮೂರನೇ ಮಹಡಿಯಲ್ಲಿ ದೀಪ ಉರಿಯುತ್ತಿತ್ತು.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಎಂಟು ವಾರದಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಮಂಜುಗಡ್ಡೆಯೊಳಗೆ ಬಹಳ ಹೊತ್ತು ಕೈಯಿಟ್ಟರೆ, ಕೈ ಇದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು ನೋಡಿ... ಇಡೀ ಮನುಷ್ಯ ಹಾಗಾಗಿದ್ದ. ಎಂಟು ವಾರದ ಹಿಂದೆ ತೂಕದಕ್ಕ ತೀರಿಕೊಂಡಿದ್ದರು.

ತೂಕದಕ್ಕ ಅಂದರೆ ಅವನ ಜೊತೆ ಅದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸು. ಗಿಡ್ಡ ಆಳು, ಉದ್ದ ನಾಲಗೆ. ಎಲ್ಲವನ್ನೂ ಎರಡು ಸಲ ತೂಗುತ್ತಿದ್ದರು. ಮದುವೆಗೆ ಕೇಳಿ ಬಂದವನನ್ನೂ ಎರಡು ಸಲ ತೂಗಿ ನೋಡಿ ಬೇಡ ಅಂದರಂತೆ. ಒಂದು ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಬುಡ್ಡಿ ಹೋಗಿ ಹೆಗಲು ಕೊಟ್ಟ, ಸ್ನಾನ ಮಾಡಿದ, ಸಂಜೆ ಕೆಲಸಕ್ಕೆ ಬಂದ. ಕಣ್ಣಲ್ಲಿ ಒಂದು ಹನಿ ಇಲ್ಲ.

ಅವರಿಬ್ಬರ ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನವಳಿಗೆ, ಅಂದರೆ ಬುಡ್ಡಿಯ ಅಕ್ಕನಿಗೆ, ನರದ ಕಾಯಿಲೆ. ಕೈಕಾಲು ನಿಧಾನವಾಗಿ ಮಾತು ಕೇಳದ ಹಾಗೆ ಆಗುತ್ತವೆ. ಅವಳ ಮಾತು ಕೇಳದೆ ಇರುವುದು ನಮ್ಮ ಮನೆಯಲ್ಲಿ ನನ್ನೊಬ್ಬನ ಹಕ್ಕಾಗಿತ್ತು, ಈಗ ಕೈಕಾಲೂ ಪಾಲು ಕೇಳಿದವು. ಇನ್ನು ಐದಾರು ವರ್ಷ ಬದುಕಬಹುದು ಅಂದರು ಡಾಕ್ಟರು. ಮದ್ದು ಇಲ್ಲ ಅಂತಲ್ಲ. ಇದೆ. ಆದರೆ ಅದು ಮಿದುಳಿನ ಬಾಗಿಲ ತನಕ ಹೋಗಿ ವಾಪಸ್ ಬರುತ್ತದೆ, ಒಳಗೆ ಬಿಡುವುದಿಲ್ಲ. ಆ ಮದ್ದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಬಾಗಿಲು ದಾಟಿಸುವ ಹೊಸ ರಾಸಾಯನಿಕವೊಂದು ಬೇಕಿತ್ತು. ಜಗತ್ತಿನಲ್ಲಿ ಇಲ್ಲದ್ದು. ಬುಡ್ಡಿ ಮತ್ತು ತೂಕದಕ್ಕ ಒಂದಾದ ಮೇಲೊಂದು ಅಂಥದ್ದನ್ನು ಹುಟ್ಟಿಸಿ ನಂಬರು ಕೊಡುತ್ತಿದ್ದರು. ನಲವತ್ತು ದಂಡವಾದವು. ನಲವತ್ತೊಂದನೆಯದು ದಾಟಿಸಿತು. ಎದ್ದು ನಿಲ್ಲಲಾರದ ಇಲಿಗಳು ಬೋನಿನ ಸರಳು ಹಿಡಿದು ಮೇಲೆ ಹತ್ತಿದವು.

ಒಂದೇ ಸಲ. ಮತ್ತೆ ನಲವತ್ತೊಂದರ ಅದೇ ಪುಡಿ, ಅದೇ ಮದ್ದು, ಅದೇ ಅಳತೆ ಹಾಕಿದರೆ ಒಡೆದ ಹಾಲಿನ ಹಾಗೆ ಗಡ್ಡೆಗಡ್ಡೆ. ಯಾಕೆ ಅಂತ ಇಬ್ಬರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ತೂಕದಕ್ಕ ಹೋದರು. ಇನ್ನು ಕಾಯಲಾಗದು, ನಾಳೆ ಸಂಜೆ ಆ ಪುಡಿಗಳನ್ನಿಟ್ಟ ಫ್ರೀಜರ್ ಖಾಲಿ ಮಾಡಿ ಕೋಣೆ ಬಿಟ್ಟುಕೊಡಿ ಅಂತ ಪ್ರಯೋಗಶಾಲೆ ನಡೆಸುವ ದೊಡ್ಡ ಮೇಡಂ ಹೇಳಿಯಾಗಿತ್ತು. ಫ್ರೀಜರ್ ಖಾಲಿಯಾದರೆ ನನ್ನವಳ ಐದಾರು ವರ್ಷವೂ ಅದರ ಜೊತೆಗೇ ಖಾಲಿ.

ಇನ್ನೊಂದು ವಿಷಯ. ಅಲ್ಲಿ ಮಾಡಿದ್ದನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ಪುಟದ ಕೆಳಗೆ ಇನ್ನೊಬ್ಬರು ಓದಿ, 'ನೋಡಿದ್ದೇನೆ, ಅರ್ಥವಾಗಿದೆ' ಅಂತ ಬರೆದು ರುಜು ಹಾಕಬೇಕು. ಅದು ಕಟ್ಟುನಿಟ್ಟು. ಆದರೆ ದಿನಾ ಒಬ್ಬರ ಹಿಂದೆ ಒಬ್ಬರು ಪುಸ್ತಕ ಹಿಡಿದು ಸುತ್ತುವುದು ಬೇಸರವಾಗಿ, ಈ ಇಬ್ಬರು ಬುದ್ಧಿವಂತರು ಒಂದು ಉಪಾಯ ಮಾಡಿದ್ದರು. ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಖಾಲಿ ಪುಟಗಳಿಗೆಲ್ಲ ಮುಂಚಿತವಾಗಿಯೇ ರುಜು ಹಾಕಿಕೊಂಡುಬಿಟ್ಟಿದ್ದರು!

ತೂಕದಕ್ಕ ಸತ್ತ ದಿನ ಬುಡ್ಡಿಯ ಪುಸ್ತಕದಲ್ಲಿ ಅಂಥ ಪುಟ ಹತ್ತೊಂಬತ್ತು ಉಳಿದಿದ್ದವು. ಮೇಲೆಲ್ಲ ಬಿಳಿ. ಕೆಳಗೆ, ನೋಡಿದ್ದೇನೆ, ಅರ್ಥವಾಗಿದೆ.

ಹೊಡೆದುಹಾಕಬೇಕಿತ್ತು. ಹಾಕಲಿಲ್ಲ. ಕಡೆಯ ಮೂರು ವಾರದಲ್ಲಿ ದಿನಕ್ಕೊಂದರಂತೆ ಹದಿನೆಂಟು ಪುಟ ಬರೆದ. ಹದಿನೆಂಟು ಸಲವೂ ಗಡ್ಡೆ. ಹತ್ತೊಂಬತ್ತನೆಯದನ್ನು ಬರೆಯದೆ ಆವತ್ತು ಮನೆಗೆ ಹೊರಟಿದ್ದ.

ಈಗ ವಾಪಸ್ ಬಂದ. ಮೆಟ್ಟಿಲ ಬುಡದಲ್ಲಿ ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಕಾವಲುಗಾರ ಕೂತಿದ್ದ.

"ಮೇಲೆ ಯಾರು?" ಬುಡ್ಡಿಯ ದನಿ ತಾನಾಗಿ ಇಳಿದಿತ್ತು.

"ನಿಮ್ಮವರೇ ಸಾರ್. ಗಿಡ್ಡ ಮೇಡಮ್ಮು."

"ಯಾವಾಗ ಬಂದ್ರು?"

"ಬರೋದು ನಾನು ನೋಡಿಲ್ಲ ಸಾರ್. ದಿನಾ ನೀವು ಹೋದ್ಮೇಲೆ ಇಳಿದು ಬರ್ತಾರಲ್ಲ... ಇವತ್ತು ಇನ್ನೂ ಇಳಿದಿಲ್ಲ."

ಬುಡ್ಡಿ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದ. ಫ್ರೀಜರ್ ಗುಂಯ್ ಅನ್ನುತ್ತಿತ್ತು. ತಕ್ಕಡಿಯ ಮುಂದಿನ ಸ್ಟೂಲಿನಲ್ಲಿ, ಬೆನ್ನು ಹಾಕಿ, ಬಿಳಿ ಕೋಟು ತೊಟ್ಟು...

"ಬಂದ್ಯಾ?"

"ಹೂಂ."

"ಇನ್ನೊಂದು ಪುಟ ಇದೆ."

"ಗೊತ್ತು ಅಕ್ಕ."

"ಗೊತ್ತಿದ್ದೂ ಎಲ್ಲಿಗೆ ಹೊರಟಿದ್ದೆ? ಮನೇಲೇನು ರಾಜಕುಮಾರಿ ಆರತಿ ಹಿಡ್ಕೊಂಡು ನಿಂತಿದಾಳಾ?"

ಅದೇ ಮಾತು, ಅದೇ ಕುಟುಕು. ದನಿ ಮಾತ್ರ ಗಾಜಿನ ಆಚೆಯಿಂದ ಬಂದ ಹಾಗಿತ್ತು. ಬುಡ್ಡಿ ಹತ್ತಿರ ಹೋಗಿ ನಿಂತ. ತಕ್ಕಡಿಯ ಬಾಗಿಲು ತೆರೆದಿತ್ತು. ಅವನು ಉಸಿರು ಬಿಟ್ಟಾಗ ಕೊನೆಯ ಅಂಕಿ ಕುಣಿಯಿತು. ಬಿಗಿಹಿಡಿದಾಗ ನಿಂತಿತು. ತಕ್ಕಡಿಗೆ ಅವರ ಮುಖ ಅವನದಕ್ಕಿಂತ ಹತ್ತಿರವಿತ್ತು. ಆದರೂ ಅಂಕಿ ನಿಂತೇ ಇತ್ತು.

"ಯಾಕೆ ಬರ್ತೀರಿ?" ಅಂದ.

"ರುಜು ಹಾಕಿದೀನಲ್ಲೋ. ನೋಡಿದ್ದೇನೆ ಅಂತ. ನೋಡದೆ ಹೇಗೆ ಹೋಗ್ಲಿ?"

"ಹದಿನೆಂಟೂ ನೋಡಿದ್ರಾ?"

"ನೋಡ್ದೆ. ಒಂದಕ್ಕಿಂತ ಒಂದು ದರಿದ್ರ."

"ಆವತ್ತು ನಲವತ್ತೊಂದರಲ್ಲಿ ಏನು ಮಾಡಿದ್ವಿ ಅಕ್ಕ? ಹೇಳಿಬಿಡಿ."

"ನಾನು ಸಾಕ್ಷಿ. ಸಾಕ್ಷಿ ಹೇಳಿಕೊಡೋ ಹಾಗಿಲ್ಲ. ತೂಗು."

ತೂಗಿದ. ಸರ್ರ್, ಟಕ್, ಕೀ.

"ಮತ್ತೆ ತೂಗು."

ಮತ್ತೆ ತೂಗಿದ. ಪುಡಿಯನ್ನೂ ಮದ್ದನ್ನೂ ಸ್ಪಿರಿಟ್ಟಿನಲ್ಲಿ ಕರಗಿಸಿದ. ಅದಿದ್ದ ಗಾಜಿನ ಬುರುಡೆಯನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಇಟ್ಟ. ಪುಟದಲ್ಲಿ ಬರೆದ. ಇನ್ನು ಉಳಿದದ್ದು ಒಂದೇ ಕೆಲಸ. ಅದನ್ನು ಹನಿಹನಿಯಾಗಿ ನೀರಿಗೆ ಬಿಡುವುದು. ಪಕ್ಕದ ಬೀಕರಿನಲ್ಲಿ ನೀರು ತಿರುಗುತ್ತಿತ್ತು, ಒಳಗಿನ ಅಯಸ್ಕಾಂತ ಗಾಜಿಗೆ ತಗುಲಿ ಟಿಣ್... ಟಿಣ್... ಅನ್ನುತ್ತಿತ್ತು.

ಹನಿಯ ನಳಿಗೆ ಕೈಗೆತ್ತಿಕೊಂಡ. ಕೆಳಗಿಟ್ಟ.

"ಏನಾಯ್ತೋ?"

"ಏನಿಲ್ಲ."

ಗೋಡೆಗೆ ಒರಗಿ ನೆಲದ ಮೇಲೆ ಕೂತ. ಹನಿ ಬಿಟ್ಟರೆ ಪುಟ ತುಂಬುತ್ತದೆ. ಪುಟ ತುಂಬಿದರೆ ಇವರು ಹೋಗುತ್ತಾರೆ. ದುಃಖಪಟ್ಟು ಹೀಗೆ ಅಂದುಕೊಂಡ ಅಂತ ತಿಳಿಯಬೇಡಿ. ಕೂಡಿ ಕಳೆಯುವ ಲೆಕ್ಕದ ಹಾಗೆ ಮನಸ್ಸಿಗೆ ಬಂತು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಕೈ ಏಳಲಿಲ್ಲ.

ಬಹಳ ಹೊತ್ತಾದ ಮೇಲೆ ಬುಡ್ಡಿ ಅಂದ, "ಆವತ್ತು ಹೆಗಲು ಕೊಟ್ಟು ನಿಮ್ಮನ್ನ ಕಳಿಸೋಕೆ ಬಂದಿದ್ದೆ. ಅಳು ಬರ್ಲಿಲ್ಲ."

"ನೋಡ್ದೆ."

"ಬೇಜಾರಾಯ್ತಾ?"

"ಅಳು ಹಾಳಾಗ್ಲಿ, ಆ ಅಂಗಿಗೆ ಒಂದು ಇಸ್ತ್ರಿ ಹಾಕ್ಕೊಂಡು ಬರೋಕೆ ಏನಾಗಿತ್ತು ನಿಂಗೆ?"

ಬುಡ್ಡಿಗೆ ನಗು ಬರಬೇಕಿತ್ತು. ತುಟಿ ಸ್ವಲ್ಪ ಅಲುಗಿತು. ಅಷ್ಟೇ. ಮತ್ತೆ ಫ್ರೀಜರಿನ ಗುಂಯ್. ಟಿಣ್... ಟಿಣ್...

"ಸಾಕು. ಏಳು."

ಎದ್ದ. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಹೋಗಿತ್ತು. ನಳಿಗೆಗೆ ಕೈ ಹಾಕಿದ.

"ಮೊದಲು ಬರಿ."

"ಏನಂತ?"

"ಏನು ಮಾಡ್ದೆಯೋ ಅದನ್ನ."

"ಏನೂ ಮಾಡ್ಲಿಲ್ಲವಲ್ಲ."

"ಅದನ್ನೇ ಬರಿ."

ಬರೆದ. 'ಮಂಜುಗಡ್ಡೆಯ ಮೇಲೆ ಬಿಟ್ಟು ಸುಮ್ಮನೆ ಕೂತಿದ್ದು, ನಲವತ್ತು ನಿಮಿಷ.' ಬರೆಯುವಾಗ ಪೆನ್ನು ನಿಂತಿತು.

ನಲವತ್ತೊಂದನ್ನು ಮಾಡಿದ ದಿನ... ಬುರುಡೆ ಮಂಜುಗಡ್ಡೆಯಲ್ಲಿದ್ದಾಗ ಫೋನು ಬಂದಿತ್ತು. ನಾನೇ ಮಾಡಿದ್ದೆ. ಅವನ ಅಕ್ಕನಿಗೆ ಇನ್ನು ಐದಾರು ವರ್ಷ ಅಷ್ಟೇ ಅಂತ ಡಾಕ್ಟರು ಹೇಳಿದ್ದು ಆವತ್ತೇ. ತೂಕದಕ್ಕ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತಿದ್ದರು. ಎಷ್ಟು ಹೊತ್ತು ಅಂತ ಯಾರು ನೋಡಿದ್ದರು? ಒಳಗೆ ಬಂದು ಕೆಲಸ ಮುಂದುವರಿಸಿದರು. ಅದನ್ನು ಅವನು ಬರೆಯಲಿಲ್ಲ. ಸುಮ್ಮನೆ ಕೂತದ್ದು ಕೆಲಸ ಅಂತ ಯಾರು ಬರೆಯುತ್ತಾರೆ?

"ಅವತ್ತಿನ ಪುಟ ನಾನು ಓದಿ ರುಜು ಹಾಕಿದ್ದಿದ್ರೆ, ಏನೋ ಬಿಟ್ಟಿದೀಯ ಅಂತ ಅವತ್ತೇ ಹೇಳ್ತಿದ್ದೆ" ಅಂದರು ತೂಕದಕ್ಕ. ದನಿಯಲ್ಲಿ ಕುಟುಕು ಇರಲಿಲ್ಲ. "ಹೂಂ. ಬಿಡು."

ಬಿಟ್ಟ. ಒಂದು ಹನಿ. ಎರಡು. ಹತ್ತು. ಗಡ್ಡೆ ಕಟ್ಟಲಿಲ್ಲ. ನೀರು ತೆಳ್ಳಗೆ ಮಂಜಾಯಿತು, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ನೀಲಿ. ನಲವತ್ತೊಂದು ಬಂದ ದಿನವೂ ಅದೇ ನೀಲಿ ಇತ್ತು.

ಪುಟದ ಕೊನೆಯ ಸಾಲು ಬರೆದ.

ಸರ್ರ್... ಟಕ್.

ಕೀ ಅನ್ನಲಿಲ್ಲ. ತಿರುಗಿದಾಗ ಸ್ಟೂಲು ಖಾಲಿ.

ಬೆಳಗ್ಗೆ ದೊಡ್ಡ ಮೇಡಂ ಮುಂದೆ ಪುಸ್ತಕ ಇಟ್ಟು, ಮುಂಚಿತವಾಗಿ ರುಜು ಹಾಕಿಸಿಕೊಂಡದ್ದನ್ನೆಲ್ಲ ಒಪ್ಪಿಕೊಂಡ. ಚೆನ್ನಾಗಿ ಬೈದರು. ಹತ್ತೊಂಬತ್ತು ಪುಟವೂ ರದ್ದು ಅಂದರು. ಆಮೇಲೆ ಕೊನೆಯ ಪುಟ ಓದಿ, "ಸುಮ್ಮನೆ ಕೂತಿದ್ದು ಅಂದ್ರೇನ್ರೀ?" ಅಂದರು. ಬುಡ್ಡಿ ಅರ್ಥ ಹೇಳಿದ. ಪಕ್ಕದ ಕೋಣೆಯ ಇಬ್ಬರನ್ನು ಕರೆಸಿ, ಕಣ್ಣೆದುರಿಗೇ ಎರಡು ಸಲ ಮಾಡಿಸಿ, ಓದಿಸಿ ರುಜು ಹಾಕಿಸಿದರು. ಎರಡು ಸಲವೂ ನೀಲಿ. ಮುಂದಿನ ವಾರ ಇಲಿಗಳು ಸರಳು ಹತ್ತಿದವು. ಫ್ರೀಜರ್ ಖಾಲಿ ಮಾಡಲಿಲ್ಲ.

ನನ್ನವಳು ಹೇಗಿದ್ದಾಳೆ ಅಂತ ಕೇಳುತ್ತೀರಿ. ಇದ್ದಾಳೆ. ಇಲಿಯಿಂದ ಮನುಷ್ಯನ ತನಕ ಬರಬೇಕಾದರೆ ಇನ್ನೂ ನಾಲ್ಕು ವರ್ಷ ಅಂತೆ. ಅವಳಿಗೆ ಐದು ಇದೆ. ಸಾಲದು ಅಂದರೆ ನನ್ನದರಲ್ಲಿ ಒಂದೆರಡು ಕೊಡುತ್ತೇನೆ, ನಾನು ನೂರಿಪ್ಪತ್ತು ಬದುಕುವ ಆಸಾಮಿ.

ನಗಬೇಡಿ. ಮೇಡಂ ಬೈದ ದಿನ ಸಂಜೆ ಅವನು ಇದನ್ನೆಲ್ಲ ಹೇಳಿದಾಗ, ನಿದ್ದೆಗೆಟ್ಟು ಕನಸು ಕಂಡಿರಬೇಕು ಅಂತ ನಾನೂ ಬುಡ್ಡಿಗೆ ಅಂದಿದ್ದೆ. ಮರುದಿನ ನಾನೇ ಅಲ್ಲಿಗೆ ಹೋದೆ. ಕೋಣೆ ಗುಡಿಸುವ ಹೆಂಗಸು ಸಿಕ್ಕಿದಳು. ಹೊಸಬಳು, ತೂಕದಕ್ಕನನ್ನು ಕಂಡವಳಲ್ಲ. ನಾನು ಏನೂ ಕೇಳಿರಲಿಲ್ಲ. ಅವಳೇ ಕೇಳಿದಳು, "ಇವರ ಕೋಣೆಗೆ ಸಣ್ಣ ಕೈಯವರು ಯಾರು ಬರ್ತಾರೆ?" ಅಂತ. ದಿನಾ ಬೆಳಗ್ಗೆ ಬುಟ್ಟಿಯಲ್ಲಿ ಬುಡ್ಡಿಯ ದೊಡ್ಡ ಕೈಗವಸಿನ ಜೊತೆ ಇನ್ನೊಂದು ಜೊತೆ ಇರುತ್ತಿತ್ತಂತೆ, ತೀರ ಚಿಕ್ಕ ಅಳತೆಯದು. ತೂಕದಕ್ಕ ಹೋದ ಮೇಲೆ ಆ ಅಳತೆಯದನ್ನು ಆ ಮಹಡಿಗೆ ತರಿಸುವುದನ್ನೇ ನಿಲ್ಲಿಸಿದ್ದರು. ನಿನ್ನೆಯೂ ಇತ್ತು, ಇವತ್ತು ಇಲ್ಲ, ಅಂದಳು.

ನಿನ್ನೆಯದನ್ನು ಬಿಚ್ಚಿ ಎಸೆದು ಬಹಳ ಹೊತ್ತಾಗಿರಲಿಲ್ಲವಂತೆ. ಒಳಗಡೆ ಇನ್ನೂ ಬೆವರಿತ್ತಂತೆ.